ಪ್ರನಾಳದಲ್ಲಿ ಸಾಕ್ಷಿ

ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿ ತೆಂಕಣಕ್ಕೆ ಬಂದರೆ ತೊಕ್ಕೊಟ್ಟು. ಪಡುವಣಕ್ಕೆ ಉಳ್ಳಾಲ, ಮೂಡಣಕ್ಕೆ ದೇರಳಕಟ್ಟೆ, ಕೊಣಾಜೆ. ಹೆದ್ದಾರಿಯಲ್ಲೇ ಮುಂದುವರಿದರೆ ಕಾಸರಗೋಡು. ಬೆಳಗಿನ ಹೊತ್ತು ಇಲ್ಲಿ ಬಸ್ಸಿಗೆ ಕಾಯುವವರಲ್ಲಿ ಕಾಲೇಜು ವಿದ್ಯಾರ್ಥಿಗಳು ಬಹಳ. ಅವರಲ್ಲಿ ರಸಾಯನಶಾಸ್ತ್ರ ಓದುವ ಒಬ್ಬನನ್ನು ನಿಲ್ಲಿಸಿ ಪಾಠ ಹೇಗೆಂದು ಕೇಳಿದರೆ, ಸಮೀಕರಣ, ಕೋಷ್ಟಕ, ಬಾಯಿಪಾಠ ಎಂದು ನಿಟ್ಟುಸಿರು ಬಿಟ್ಟಾನು. ಅದೇ ಹುಡುಗ ಪತ್ತೇದಾರಿ ಕಥೆ ಕೈಗೆ ಸಿಕ್ಕಿದರೆ ಊಟವನ್ನೂ ಮರೆಯುತ್ತಾನೆ. ಈ ಎರಡನ್ನೂ ಒಂದೇ ಮೇಜಿನ ಮೇಲೆ ತಂದಿಡಲು ಸಾಧ್ಯವೇ? ಸಾಧ್ಯ; ಅದಕ್ಕೆ ಬೇಕಾದ ಸಾಮಗ್ರಿ ಕಾಲೇಜಿನ ಕಪಾಟಿನಲ್ಲೇ ಉಂಟು.

ಫಿನಾಫ್ತಲೀನನ್ನು ತೆಗೆದುಕೊಳ್ಳೋಣ. ಆಮ್ಲ ಪ್ರತ್ಯಾಮ್ಲಗಳನ್ನು ಅಳೆಯುವಾಗ ಎರಡು ತೊಟ್ಟು ಹಾಕುವ ಈ ವಸ್ತು ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಆಮ್ಲದಲ್ಲಿ ಬಣ್ಣವಿಲ್ಲ, ಕ್ಷಾರ ಸೇರಿದೊಡನೆ ಗುಲಾಬಿ. ನಮ್ಮ ರಾಜ್ಯದ ಲೋಕಾಯುಕ್ತ ಪೊಲೀಸರು ಲಂಚ ಹಿಡಿಯಲು ಹೂಡುವ ಬಲೆಯಲ್ಲಿರುವುದೂ ಇದೇ. ದೂರು ಕೊಟ್ಟವರ ನೋಟುಗಳಿಗೆ ಈ ಬಿಳಿ ಪುಡಿಯನ್ನು ಸವರುತ್ತಾರೆ. ಕಣ್ಣಿಗೆ ಏನೂ ಕಾಣದು. ನೋಟನ್ನು ಎಣಿಸಿ ಜೇಬಿಗಿಳಿಸಿದ ಕೈಯನ್ನು ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಒಗೆಯುವ ಸೋಡದ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿಯಾಗುತ್ತದೆ. ಆ ನೀರನ್ನು ಸೀಸೆಗೆ ತುಂಬಿ ಮೊಹರು ಹಾಕಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ.

ಇಷ್ಟನ್ನು ಹೇಳಿ, ಅಧ್ಯಾಪಕರು ತರಗತಿಗೆ ಒಂದು ಪ್ರಶ್ನೆ ಹಾಕಬಹುದು: ಸೋಡದ ಬದಲು ಇನ್ನೂ ಪ್ರಬಲವಾದ ಕಾಸ್ಟಿಕ್ ಸೋಡ ಏಕೆ ಬಳಸುವುದಿಲ್ಲ? ಅದು ಚರ್ಮವನ್ನು ಸುಡುತ್ತದೆ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ರಸಾಯನದ್ದು: ಅತಿ ಪ್ರಬಲ ಕ್ಷಾರದಲ್ಲಿ ಫಿನಾಫ್ತಲೀನಿನ ಅಣು ಮತ್ತೊಂದು ರೂಪ ತಳೆದು, ಗುಲಾಬಿ ಮೆಲ್ಲನೆ ಮಾಸಿಹೋಗುತ್ತದೆ. ಈ ಸಂಗತಿಯನ್ನು ಪಠ್ಯದ ಮೂಲೆಯಲ್ಲಿ ಓದಿದವನು ಪರೀಕ್ಷೆ ಮುಗಿದೊಡನೆ ಮರೆಯುತ್ತಾನೆ. ಸಾಕ್ಷ್ಯವೇ ಅಳಿಸಿಹೋದೀತೆಂದು ತಿಳಿದು ಓದಿದವನು ಮರೆಯಲಾರ. ಗುಲಾಬಿ ಬಣ್ಣ ಹೇಳುವುದಾದರೂ ಎಷ್ಟು? ಈ ಕೈ ಆ ಪುಡಿಯನ್ನು ಮುಟ್ಟಿತೆಂದು ಮಾತ್ರ. ಲಂಚ ಕೇಳಿದ್ದು ಬೇರೆ ಸಾಕ್ಷ್ಯದಿಂದ ರುಜುವಾಗಬೇಕು. ಪ್ರಯೋಗದ ಫಲಿತಾಂಶಕ್ಕೂ ಅದರಿಂದ ಕಟ್ಟುವ ತೀರ್ಮಾನಕ್ಕೂ ಇರುವ ಈ ಅಂತರವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಸಾಕ್ಷ್ಯ ಮಾಸಿಹೋದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಹಳೆಯ ಕಥೆಯೊಂದಿದೆ. 1832ರಲ್ಲಿ ಜೇಮ್ಸ್ ಮಾರ್ಷ್ ಎಂಬ ರಸಾಯನಜ್ಞ, ಕಾಫಿಯಲ್ಲಿ ಬೆರೆತ ಪಾಷಾಣವನ್ನು ಪತ್ತೆಮಾಡಿ ಹಳದಿ ಒತ್ತರವನ್ನು ತೋರಿಸಲು ಹೊರಟ. ನ್ಯಾಯಾಲಯ ಮುಟ್ಟುವುದರೊಳಗೆ ಅದು ಕೆಟ್ಟಿತ್ತು. ಆರೋಪಿ ಬಿಡುಗಡೆಯಾದ. ಮಾರ್ಷ್ ಹಟ ಹಿಡಿದು ದುಡಿದು, ಪಾಷಾಣವನ್ನು ಗಾಜಿನ ಮೇಲೆ ಕಪ್ಪು ಕನ್ನಡಿಯಂತೆ ನಿಲ್ಲಿಸುವ ಪರೀಕ್ಷೆಯನ್ನು 1836ರಲ್ಲಿ ಪ್ರಕಟಿಸಿದ.

ನಮ್ಮ ಜಿಲ್ಲೆಗೇ ಬರೋಣ. ಹಿಂದೆ ಶಾಲಾ ಶಿಕ್ಷಕನಾಗಿದ್ದ ಮೋಹನ ಕುಮಾರ ಎಂಬವನನ್ನು 2009ರಲ್ಲಿ ಬಂಧಿಸಿದಾಗ ಕರಾವಳಿಯೇ ಬೆಚ್ಚಿತು. ಮದುವೆಯ ಆಸೆ ತೋರಿಸಿ ಇಪ್ಪತ್ತು ಮಂದಿ ಹೆಣ್ಣುಮಕ್ಕಳನ್ನು ಸಯನೈಡ್ ಉಣ್ಣಿಸಿ ಕೊಂದನೆಂಬ ಆರೋಪ ಅವನ ಮೇಲೆ ಬಂತು. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಅವನನ್ನು ಅಪರಾಧಿಯೆಂದಿತು. ಬೇರೆ ಮೊಕದ್ದಮೆಗಳ ತೀರ್ಪುಗಳು ಮುಂದಿನ ವರ್ಷಗಳಲ್ಲಿ ಬಂದವು. ಆ ಸಾವುಗಳು ಬೇರೆ ಬೇರೆ ಊರಿನ ಬಸ್ ನಿಲ್ದಾಣಗಳಲ್ಲಿ, ಬೇರೆ ಬೇರೆ ಠಾಣೆಗಳ ಕಡತಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ವರುಷಗಟ್ಟಲೆ ಬಿದ್ದಿದ್ದವು. ಹೆತ್ತವರು ಮಗಳು ಎಲ್ಲೋ ಸಂಸಾರ ಹೂಡಿದ್ದಾಳೆಂದು ನಂಬಿಕೊಂಡಿದ್ದ ಮನೆಗಳೂ ಇದ್ದವು.

ಆದರೆ ಸಯನೈಡಿನ ಗುರುತು ರಸಾಯನಶಾಸ್ತ್ರಕ್ಕೆ ಹೊಸತಲ್ಲ. ಬರ್ಲಿನ್ನಿನಲ್ಲಿ ಹದಿನೆಂಟನೆಯ ಶತಮಾನದ ಆರಂಭದಲ್ಲಿ ದೊರೆತ 'ಪ್ರಷ್ಯನ್ ನೀಲಿ' ಎಂಬ ಬಣ್ಣದಿಂದಲೇ ಷೀಲೆ 1782ರಲ್ಲಿ ಪ್ರಸ್ಸಿಕ್ ಆಮ್ಲವನ್ನು ಪಡೆದ. ಸಯನೈಡ್ ಎಂಬ ಹೆಸರಿಗೂ ಗ್ರೀಕರ ನೀಲಿಯೇ ಮೂಲ. ನಮ್ಮ ವಿದ್ಯಾರ್ಥಿಗಳು ಸಾವಯವ ವಸ್ತುವಿನಲ್ಲಿ ಸಾರಜನಕವನ್ನು ಹುಡುಕಲು ಲಸೇನ್ ಪರೀಕ್ಷೆ ಮಾಡುತ್ತಾರಷ್ಟೆ. ವಸ್ತುವನ್ನು ಸೋಡಿಯಮ್ಮಿನೊಡನೆ ಕಾಯಿಸಿ, ನೀರಿಗಿಳಿಸಿ, ಸೋಸಿ, ಫೆರಸ್ ಸಲ್ಫೇಟ್ ಹಾಕಿ ಕುದಿಸಿ, ಆಮ್ಲ ಸೇರಿಸಿದರೆ ನೀಲಿ ಮೂಡುತ್ತದೆ. ಆ ನೀಲಿ ಪ್ರಷ್ಯನ್ ನೀಲಿಯೇ. ಮೊದಲ ಹೆಜ್ಜೆಯಲ್ಲಿ ಇಂಗಾಲ ಸಾರಜನಕಗಳು ಸೇರಿ ಅತ್ಯಲ್ಪ ಸಯನೈಡ್ ಆಗಿರುತ್ತದೆ. ವಿಷದಿಂದ ಸತ್ತವರ ಒಳಾಂಗದ ಮಾದರಿಯಿಂದ ಬೇರ್ಪಡಿಸಿದ ಸಯನೈಡನ್ನು ತೋರಿಸಿಕೊಡಬಲ್ಲುದೂ ಇದೇ ನೀಲಿ. ಇಂದು ಇನ್ನೂ ಸೂಕ್ಷ್ಮವಾದ ಯಂತ್ರಗಳಿವೆ, ನಿಜ. ಆದರೆ ದೇಹದಲ್ಲಿನ ಸಯನೈಡ್ ದಿನ ಕಳೆದಂತೆ ಕ್ಷಯಿಸುತ್ತದೆ. ಕೇಳಬೇಕಾದ ಪ್ರಶ್ನೆಯನ್ನು ಹೊತ್ತಿಗೆ ಸರಿಯಾಗಿ ಕೇಳುವವರು ಬೇಕು. ಪ್ರತಿ ವರ್ಷ ಸಾವಿರಾರು ವಿದ್ಯಾರ್ಥಿಗಳು ಆ ನೀಲಿಯನ್ನು ಕಂಡು, 'ಸಾರಜನಕ ಇದೆ' ಎಂದು ಬರೆದು ಪುಟ ತಿರುವುತ್ತಾರೆ. ಅದರ ಹಿಂದಿನ ಕಥೆಯನ್ನು ಅವರಿಗೆ ಹೇಳುವವರಿಲ್ಲ.

ಕೆಲವು ಅಧ್ಯಾಪಕರಿಗೆ ಇದು ರುಚಿಸದು. ಕೊಲೆಯ ಸುದ್ದಿ ಹೇಳಿ ಹುಡುಗರ ಮನಸ್ಸು ಕೆಡಿಸಬೇಕೇ ಎನ್ನುತ್ತಾರೆ. ವಿಷವನ್ನು ಎಲ್ಲಿಂದ ತಂದ, ಹೇಗೆ ಕೊಟ್ಟ ಎಂಬುದು ಪಾಠಕ್ಕೆ ಬೇಡ. ಹೇಗೆ ಸಿಕ್ಕಿಬಿದ್ದ ಎಂಬುದು ಬೇಕು. ಕೊಲೆಯೇ ಬೇಕೆಂದೂ ಇಲ್ಲ. ಮತದಾನದ ದಿನ ನಮ್ಮ ಬೆರಳಿಗೆ ಹಚ್ಚುವ ಶಾಯಿಯನ್ನೇ ನೋಡಿ. 1937ರಲ್ಲಿ ಸ್ಥಾಪನೆಯಾದ ಮೈಸೂರಿನ ಬಣ್ಣದ ಕಾರ್ಖಾನೆ ಅದನ್ನು 1962ರ ಚುನಾವಣೆಯಿಂದ ತಯಾರಿಸುತ್ತ ಬಂದಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕಿಗೆ ಕಪ್ಪಾಗಿ ಉಳಿಯುತ್ತದೆ. ಕಾಗದದ ಮೇಲೆ ಬೆವರು ಬಿಟ್ಟ ಬೆರಳ ಗುರುತಿನ ಉಪ್ಪನ್ನು ಕಾಣಿಸಲೂ ಹಿಂದಿನಿಂದ ಬಳಸಿದ್ದು ಈ ಲವಣವನ್ನೇ. ಒಂದೇ ಕ್ರಿಯೆ ಒಬ್ಬ ಎರಡು ಸಲ ಮತ ಹಾಕುವುದನ್ನು ತಡೆಯುತ್ತದೆ, ಇನ್ನೊಬ್ಬನ ಕೈಚಳಕವನ್ನು ಬಯಲಿಗೆಳೆಯುತ್ತದೆ.

ಖರ್ಚಿಲ್ಲದೆ ಆರಂಭಿಸಬೇಕೆಂದರೆ ಒಂದು ಖೋಟಾ ರಸೀದಿ ಸಾಕು. ಮೂರು ಅಂಗಡಿಗಳಿಂದ ಮೂರು ಕಪ್ಪು ಪೆನ್ನು ತಂದು, ಒಂದರಿಂದ ನೂರನ್ನು ಸಾವಿರವಾಗಿ ತಿದ್ದಿ, ಯಾವ ಪೆನ್ನೆಂದು ಹುಡುಕಲು ಹುಡುಗ ಹುಡುಗಿಯರಿಗೆ ಬಿಡಿ. ಸೋಸುವ ಕಾಗದದ ಪಟ್ಟಿಯಲ್ಲಿ ಶಾಯಿಯ ಚುಕ್ಕೆ ಇಟ್ಟು, ಚುಕ್ಕೆ ಮುಳುಗದಂತೆ ತುದಿಯನ್ನು ನೀರಿಗೆ ತಾಗಿಸಿದರೆ ಕಪ್ಪು ಒಡೆದು ನೀಲಿ, ನೇರಿಳೆ, ಹಳದಿಗಳಾಗಿ ಮೇಲೇರುತ್ತದೆ. ಒಂದೊಂದು ಶಾಯಿಯದು ಒಂದೊಂದು ಮೆಟ್ಟಿಲು. ಬಾಲ್‌ಪೆನ್ನಿನ ಶಾಯಿ ನೀರಿಗೆ ಕದಲುವುದಿಲ್ಲ, ಅದಕ್ಕೆ ಸ್ಪಿರಿಟ್ ಬೇಕು. ಏಕೆ ಬೇಕೆಂದು ಅವರೇ ಬಂದು ಕೇಳುತ್ತಾರೆ.