ಯಾವುದು ಮೊದಲು ಮುಗಿಯುತ್ತದೆ?

ನಮ್ಮಪ್ಪನದು ಲಗ್ಗೆರೆಯಲ್ಲಿ ಇಸ್ತ್ರಿ ಗಾಡಿ. ಪೆಟ್ಟಿಗೆಗೆ ಇದ್ದಿಲು ತುಂಬಿ ಗಾಳಿ ಬೀಸೋದು ನನ್ನ ಕೆಲಸ. ಒಂದು ಸಂಜೆ ಪಿಯುಸಿ ಓದುವ ನಮ್ಮಕ್ಕ ಒಂದು ಲೆಕ್ಕ ಕೊಟ್ಟಳು. 60 ಗ್ರಾಂ ಇದ್ದಿಲು, 128 ಗ್ರಾಂ ಆಮ್ಲಜನಕ. ಉರಿಸಿದರೆ ಯಾವುದು ಮೊದಲು ಮುಗಿಯುತ್ತದೆ? (ಇದ್ದಿಲನ್ನು ಪೂರ್ತಿ ಇಂಗಾಲವೆಂದೇ ತಿಳಿಯಿರಿ, ಬೂದಿ ಲೆಕ್ಕಕ್ಕಿಲ್ಲ.)

ನಾನು ತಟ್ಟನೆ "ಇದ್ದಿಲು" ಅಂದೆ. 60 ಚಿಕ್ಕದು ತಾನೇ? ಅಕ್ಕ ತಲೆಗೆ ಮೊಟಕಿದಳು.

ನಮ್ಮಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಅವರು, "ಒಂದು ಅಂಗಿಗೆ 7 ಗುಂಡಿ. 10 ಅಂಗಿ, 56 ಗುಂಡಿ ಇದ್ರೆ ಎಷ್ಟು ಅಂಗಿ ರೆಡಿ ಆಗ್ತವೆ ಹೇಳು" ಅಂದರು. ಎಂಟೇ! ಗುಂಡಿ ಜಾಸ್ತಿ ಇದ್ದರೂ ಮೊದಲು ಖಾಲಿಯಾಗೋದು ಗುಂಡಿಯೇ. ಎಷ್ಟಿದೆ ಅನ್ನುವುದರ ಜೊತೆ ಎಷ್ಟು ಬೇಕು ಅನ್ನುವುದನ್ನೂ ನೋಡಬೇಕು ಅಂತ ಆಗ ಹೊಳೀತು.

12 ಗ್ರಾಂ ಇಂಗಾಲ ಪೂರ್ತಿ ಉರಿಯಲು 32 ಗ್ರಾಂ ಆಮ್ಲಜನಕ ಬೇಕು. ಆಗ 44 ಗ್ರಾಂ ಇಂಗಾಲದ ಡೈ ಆಕ್ಸೈಡ್ ಬರುತ್ತದೆ. 60 ಅಂದರೆ ಐದು ಹನ್ನೆರಡು. ಆದ್ದರಿಂದ ಬೇಕಾದ್ದು 5 × 32 = 160 ಗ್ರಾಂ. ಇರೋದು 128, ನಾಲ್ಕು ಪಾಲಿಗೆ ಮಾತ್ರ ಸಾಕು. 4 × 12 = 48 ಗ್ರಾಂ ಇದ್ದಿಲು ಉರಿದು 4 × 44 = 176 ಗ್ರಾಂ ಡೈ ಆಕ್ಸೈಡ್ ಆಗುತ್ತದೆ. 12 ಗ್ರಾಂ ಇದ್ದಿಲು ಮಿಕ್ಕುತ್ತದೆ. ಮೊದಲು ಮುಗಿದು ಕೆಲಸ ನಿಲ್ಲಿಸುವ ಆಮ್ಲಜನಕವೇ ಇಲ್ಲಿ ಲಿಮಿಟಿಂಗ್ ರಿಯೇಜೆಂಟ್. ತಾಳೆ ನೋಡಿ: 60 + 128 = 188, 176 + 12 = 188.

ಮುಗೀತು ಅಂದುಕೊಂಡೆ. "ಕೆಂಡ ಸುಮ್ನಿರಲ್ಲ ಕಣೋ" ಅಂದಳು ಅಕ್ಕ. ಮಿಕ್ಕ 12 ಗ್ರಾಂ ನಿಗಿನಿಗಿ ಕೆಂಡವಾಗಿದ್ದರೆ 44 ಗ್ರಾಂ ಡೈ ಆಕ್ಸೈಡ್ ಜೊತೆ ಸೇರಿ 56 ಗ್ರಾಂ ಕಾರ್ಬನ್ ಮಾನಾಕ್ಸೈಡ್ ಆಗಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಅನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಗಟ್ಟಿಯಾಗಿ ಹಿಡಿಯುತ್ತದೆ. ಮಲಗಿದವರು ಏಳದೇ ಹೋಗಬಹುದು. ಕೋಣೆಯಲ್ಲಿ ಗಾಳಿ ಇದ್ದರೂ ಕೆಂಡದ ರಾಶಿಯ ಒಳಗೆ ಸಾಕಷ್ಟು ಹೋಗುವುದಿಲ್ಲವಂತೆ.

ನನ್ನ ಎದೆ ಧಸಕ್ಕಂತು. ಆವತ್ತು ಮಳೆ. ನನ್ನ ಯೂನಿಫಾರಂ ಒಣಗಲಿ ಅಂತ ಅಪ್ಪ ಕೆಂಡದ ಪೆಟ್ಟಿಗೆಯನ್ನು ನಾವು ಮಲಗೋ ಕೋಣೆಯಲ್ಲೇ ಇಟ್ಟು ಕಿಟಕಿ ಹಾಕಿದ್ದರು. ಅಪ್ಪನಿಗೆ ಗುಂಡಿ ಲೆಕ್ಕವನ್ನೇ ಹೇಳಿದೆ. ಅವರು ಏನೂ ಮಾತಾಡದೆ ಪೆಟ್ಟಿಗೆ ಎತ್ತಿಕೊಂಡು ಹೋಗಿ ಗಾಡಿಯ ಟಾರ್ಪಾಲಿನ ಕೆಳಗೆ ಇಟ್ಟು ಬಂದರು.

ಮಾರನೇ ದಿನ ನಾನು ಒದ್ದೆ ಯೂನಿಫಾರಂನಲ್ಲಿ ಬಂದಿದ್ದಕ್ಕೆ ಮೇಷ್ಟ್ರು ಯಾಕೋ ಅಂತ ಕೇಳಿದ್ದರಲ್ಲ, ಇದೇ ಕಾರಣ.

— 7ನೇ ತರಗತಿ ವಿದ್ಯಾರ್ಥಿ