ಸಣ್ಣ ದನಿಯೂ ಸಭೆಗೆ ಕೇಳಲಿ

ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕವನ್ನು ಪಟಪಟನೆ ಹೇಳುವ ಅಕ್ಕಂದಿರಿಗೆ ಗ್ರಾಮಸಭೆಯಲ್ಲಿ ಎದ್ದು ನಿಂತರೆ ದನಿಯೇ ಹೊರಡುವುದಿಲ್ಲ. "ನನ್ನ ಗಂಟಲೇ ಇಷ್ಟು ಬಿಡ್ರೀ" ಅಂತಾರೆ. ಆದರೆ ಬೀದಿ ನಲ್ಲಿಯ ಬೇಡಿಕೆ ಯಾರಿಗೂ ಕೇಳಿಸದಿದ್ದರೆ ಅದು ನಡಾವಳಿ ಪುಸ್ತಕಕ್ಕೆ ಸೇರುವುದು ಹೇಗೆ? ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ಅಲ್ಲಿ ಮಾತಾಡುವುದು ನಮ್ಮ ಹಕ್ಕು.

ಗಂಟಲಿನ ಧ್ವನಿತಂತುಗಳು ಕಂಪಿಸಿದಾಗ ದನಿ ಹುಟ್ಟುತ್ತದೆ. ಅವನ್ನು ಕಂಪಿಸುವುದು ಉಸಿರು. ಉಸಿರು ಸಾಲದಿದ್ದರೆ ವಾಕ್ಯದ ಕೊನೆ ನುಂಗಿಹೋಗುತ್ತದೆ. ಹಾಗಂತ ಕಿರುಚುವುದು ಬೇಡ, ಗಂಟಲು ಕಟ್ಟುತ್ತದೆ. ನಾವು ತರಬೇತಿಯಲ್ಲಿ ಮಾಡಿಸುವುದು ಇಷ್ಟೇ:

1. ಹೊಟ್ಟೆಯ ಮೇಲೆ ಅಂಗೈ ಇಟ್ಟು ಮೂಗಿನಿಂದ ಉಸಿರೆಳೆಯಿರಿ. ಭುಜ ಏಳಬಾರದು, ಹೊಟ್ಟೆ ಉಬ್ಬಬೇಕು. ಉಸಿರು ಬಿಡುತ್ತಾ 1ರಿಂದ 10 ಎಣಿಸಿ. 'ಹತ್ತು' ಕೂಡ 'ಒಂದು' ಎಂಬಷ್ಟೇ ಗಟ್ಟಿಯಾಗಿ ಕೇಳಬೇಕು.

2. ನೇರವಾಗಿ ನಿಲ್ಲಿ. ಬಾಯಿಗೆ ಸೆರಗು ಅಡ್ಡ ಹಿಡಿಯಬೇಡಿ. ನೆಲ ನೋಡದೆ ಕೊನೆಯ ಸಾಲಿನವರನ್ನು ನೋಡಿ ಮಾತಾಡಿ.

3. ಬಾಯಿ ಚೆನ್ನಾಗಿ ತೆರೆದು, ಅವಸರ ಮಾಡದೆ ಹೇಳಿ. ಒಂದು ವಾಕ್ಯ ಮುಗಿದ ಮೇಲೆ ಉಸಿರು ತೆಗೆದುಕೊಂಡು ಮುಂದಿನದು.

ಮುಂದಿನ ಸಭೆಯಲ್ಲೇ ಅಭ್ಯಾಸ ಮಾಡಿ. ಒಬ್ಬರು ನಡಾವಳಿ ಓದಲಿ, ಇನ್ನೊಬ್ಬರು ಅಂಗಳದ ಆಚೆ ನಿಂತು, ಮಾತು ಕೇಳಿಸದಾಗ ಕೈ ಎತ್ತಲಿ. ನಗಬೇಡಿ, ಎಲ್ಲರ ಸರದಿಯೂ ಬರುತ್ತದೆ!

ದನಿ ಒಡೆದು ಮೂರು ವಾರವಾದರೂ ಸರಿಯಾಗದಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ವೈದ್ಯರಿಗೆ ತೋರಿಸಿ.