ಅಂತರ್ಜಾಲದಲ್ಲಿ ಸಿಕ್ಕಿದ್ದೆಲ್ಲ ಸಂಶೋಧನೆಯೇ?

ಪ್ರಾಜೆಕ್ಟ್ ಬರೆಯಬೇಕೆಂದರೆ ಹಿಂದಿನ ವಿದ್ಯಾರ್ಥಿಗಳು ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಬೇಕಾದ ಪುಸ್ತಕವನ್ನು ಬೇರೆಯವರು ಒಯ್ದಿದ್ದರೆ ಅದು ಮರಳಿ ಬರುವ ತನಕ ಕಾಯಬೇಕಿತ್ತು. ಇಂದು ಮೊಬೈಲಿನಲ್ಲಿ ಎರಡು ಪದ ಟೈಪ್ ಮಾಡಿದರೆ ಸಾಕು, ಓದಿ ಮುಗಿಸಲಾಗದಷ್ಟು ಪುಟಗಳು ಸಿಗುತ್ತವೆ. ಹುಡುಕುವ ಶ್ರಮ ಕಡಿಮೆಯಾಗಿದೆ. ಸಿಕ್ಕಿದ್ದನ್ನು ಪರಿಶೀಲಿಸುವ ಶ್ರಮ ಹೆಚ್ಚಾಗಿದೆ.

ಇಂದು ನಾವು ಬಳಸುವ ವರ್ಲ್ಡ್ ವೈಡ್ ವೆಬ್ ಹುಟ್ಟಿದ್ದೇ ಸಂಶೋಧಕರಿಗಾಗಿ. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ನಾನಾ ದೇಶಗಳ ವಿಜ್ಞಾನಿಗಳು ಮಾಹಿತಿಯನ್ನು ಸುಲಭವಾಗಿ ಹಂಚಿಕೊಳ್ಳಲೆಂದು ಟಿಮ್ ಬರ್ನರ್ಸ್-ಲೀ 1989ರಲ್ಲಿ ಇದರ ಯೋಜನೆ ಮುಂದಿಟ್ಟರು. 1993ರಲ್ಲಿ ಅದು ಎಲ್ಲರಿಗೂ ಉಚಿತವಾಯಿತು. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರ್ಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಈಗ ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳು, ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿರುವ ಶೋಧಗಂಗಾ, ಕನ್ನಡದ ಕಣಜ ಇವೆಲ್ಲ ಹಳ್ಳಿಯ ವಿದ್ಯಾರ್ಥಿಗೂ ಹಣ ಕೊಡದೆ ಸಿಗುತ್ತವೆ. ಇದು ಸಣ್ಣ ಲಾಭವಲ್ಲ.

ಆದರೆ ಅಪಾಯವೂ ಇಲ್ಲೇ ಇದೆ. 2009ರಲ್ಲಿ ಫ್ರಾನ್ಸಿನ ಸಂಗೀತ ಸಂಯೋಜಕ ಮೊರಿಸ್ ಜಾರ್ ನಿಧನರಾದಾಗ, ಡಬ್ಲಿನ್‌ನ ಒಬ್ಬ ವಿದ್ಯಾರ್ಥಿ ತಾನೇ ಹೆಣೆದ ಒಂದು ಮಾತನ್ನು ಅವರ ಹೇಳಿಕೆಯೆಂದು ವಿಕಿಪೀಡಿಯದಲ್ಲಿ ಸೇರಿಸಿದ. ಪತ್ರಕರ್ತರು ಪರಿಶೀಲಿಸುತ್ತಾರೋ ಇಲ್ಲವೋ ನೋಡುವುದು ಅವನ ಉದ್ದೇಶವಾಗಿತ್ತು. ಆಧಾರವಿಲ್ಲವೆಂದು ವಿಕಿಪೀಡಿಯದ ಸಂಪಾದಕರು ಅದನ್ನು ಅಳಿಸಿದರು. ಅಷ್ಟರಲ್ಲಿ ಬ್ರಿಟನ್ನಿನ ಹೆಸರಾಂತ ದಿನಪತ್ರಿಕೆ ಸೇರಿದಂತೆ ಹಲವು ದೇಶಗಳ ಪತ್ರಿಕೆಗಳು ಆ ಮಾತನ್ನು ಪ್ರಕಟಿಸಿಬಿಟ್ಟಿದ್ದವು. ಕೊನೆಗೆ ಆ ವಿದ್ಯಾರ್ಥಿಯೇ ಪತ್ರ ಬರೆದು ತಿಳಿಸಿದ ಮೇಲೆ ತಪ್ಪು ಬೆಳಕಿಗೆ ಬಂತು. ಹತ್ತು ಕಡೆ ಕಂಡ ಮಾತ್ರಕ್ಕೆ ಒಂದು ವಿಷಯ ನಿಜವಾಗುವುದಿಲ್ಲ. ಹತ್ತೂ ಕಡೆಯವರು ಒಂದೇ ಕಡೆಯಿಂದ ನಕಲು ಮಾಡಿರಬಹುದು.

ನಮ್ಮ ಪ್ರಾಜೆಕ್ಟ್‌ಗಳಿಗೆ ಹತ್ತಿರದ ಉದಾಹರಣೆ ನೋಡೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಎಷ್ಟು? ಕೆಲವೆಡೆ ಶೇ. 75.60 ಎಂದಿರುತ್ತದೆ, ಕೆಲವೆಡೆ ಶೇ. 75.36 ಎಂದಿರುತ್ತದೆ. ಎರಡೂ ಸುಳ್ಳಲ್ಲ. ಮೊದಲನೆಯದು ತಾತ್ಕಾಲಿಕ ವರದಿಯ ಅಂಕಿ, ಎರಡನೆಯದು ಅಂತಿಮ ವರದಿಯದು. ಜೊತೆಗೆ, ಈ ಲೆಕ್ಕ 7 ವರ್ಷ ಮೇಲ್ಪಟ್ಟವರಿಗೆ ಮಾತ್ರ ಸಂಬಂಧಿಸಿದ್ದು. ಅಂಕಿಯನ್ನು ಬರೆದುಕೊಂಡು ಸುಮ್ಮನಾದರೆ ಇದು ತಿಳಿಯುವುದಿಲ್ಲ. ಎರಡು ಅಂಕಿಗಳು ಏಕೆ ಬೇರೆಯಾಗಿವೆ ಎಂದು ಕೇಳಿ ಜನಗಣತಿ ವರದಿಯನ್ನೇ ತೆರೆದು ನೋಡಿದಾಗ ಸಂಶೋಧನೆ ಆರಂಭವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ವಿಕಿಪೀಡಿಯವನ್ನು ಬಿಡಬೇಕಾಗಿಲ್ಲ. ವಿಷಯದ ಪರಿಚಯಕ್ಕೆ ಅದನ್ನು ಓದಿ, ಪುಟದ ಕೊನೆಯಲ್ಲಿರುವ ಉಲ್ಲೇಖಗಳ ಜಾಡು ಹಿಡಿದು ಮೂಲಕ್ಕೆ ಹೋಗಿ. ಮೂಲವೇ ಇಲ್ಲದ ಮಾತನ್ನು ಬಳಸಬೇಡಿ. ಬರೆದವರು ಯಾರು, ಯಾವ ವರ್ಷ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಆಗಲೇ ಗುರುತು ಮಾಡಿಕೊಳ್ಳಿ. ಓದಿದ ಪುಟವನ್ನು ಮುಚ್ಚಿ, ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಕೊಡುವ ಉತ್ತರಕ್ಕೂ ಇದೇ ನಿಯಮ. ಅವು ಇಲ್ಲದ ಪುಸ್ತಕದ ಹೆಸರನ್ನೂ ಧೈರ್ಯವಾಗಿ ಹೇಳಬಲ್ಲವು. ಅಂಥ ಹೆಸರು ಸಿಕ್ಕಿದರೆ ಗ್ರಂಥಪಾಲಕರನ್ನು ಒಮ್ಮೆ ಕೇಳಿ.

ಪಿಯುಸಿಯಲ್ಲಿ ಕಟ್-ಪೇಸ್ಟ್ ಮಾಡಿದರೆ ಒಂದೆರಡು ಅಂಕ ಹೋಗಬಹುದು. ಮುಂದೆ ಹಾಗಿರುವುದಿಲ್ಲ. ಯುಜಿಸಿಯ 2018ರ ನಿಯಮದಂತೆ, ಸಂಶೋಧನಾ ಪ್ರಬಂಧದಲ್ಲಿ ಶೇ. 60ಕ್ಕಿಂತ ಹೆಚ್ಚು ಭಾಗ ನಕಲಾಗಿದ್ದರೆ ನೋಂದಣಿಯೇ ರದ್ದಾಗುತ್ತದೆ. ಮೂಲ ಹುಡುಕುವ ಅಭ್ಯಾಸ ಆ ಹೊತ್ತಿಗೆ ದಿಢೀರನೆ ಬರುವಂಥದ್ದಲ್ಲ. ಈ ವರ್ಷದ ಪ್ರಾಜೆಕ್ಟ್‌ನಿಂದಲೇ ಅದನ್ನು ಆರಂಭಿಸಬಹುದು.